ಫ್ರೇಸಲ್ ವರ್ಬ್‌ಗಳನ್ನು ಉರು ಹೊಡೆಯಬೇಡಿ, ನಿಮ್ಮ ದಿನದೊಳಗೆ ಹುಡುಕಿ

'ಗಿವ್' ಅಂದರೆ ಕೊಡು, 'ಅಪ್' ಅಂದರೆ ಮೇಲೆ. ಹಾಗಾದರೆ 'ಗಿವ್ ಅಪ್' ಅಂದರೆ ಕೈಬಿಡು ಅಂತ ಹೇಗಾಯಿತು? ಇಂಗ್ಲಿಷ್ ಕಲಿಯುತ್ತಿರುವವರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪಿಯುಸಿ ಓದುವವರು ಕೇಳುತ್ತಾರೆ, ಕಾಲ್ ಸೆಂಟರ್ ಕೆಲಸಕ್ಕೆ ಹೊಸದಾಗಿ ಸೇರಿದವರು ಕೇಳುತ್ತಾರೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಮ್ಮಂದಿರೂ ಕೇಳುತ್ತಾರೆ. ಟೆನ್ಸ್ ಸರಿಯಾಗಿ ಬರುತ್ತದೆ, ಓದಿದರೆ ಅರ್ಥವಾಗುತ್ತದೆ. ಆದರೆ ಎದುರಿಗಿರುವವರ ಮಾತಿನಲ್ಲಿ ಪುಟ್ ಆಫ್, ಪುಟ್ ಔಟ್, ಪುಟ್ ಅಪ್ ವಿತ್ ಅಂತ ಬಂದ ಕೂಡಲೇ ತಲೆ ಗಿರ್ ಅನ್ನುತ್ತದೆ.

ಇದು ನಿಮ್ಮ ತಪ್ಪಲ್ಲ. ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ಅದರ ಮುನ್ನುಡಿಯಲ್ಲಿ ಈ ಮಾತು ಹೇಳಿದ್ದಾರೆ: ಹೊರಗಿನವರಿಗೆ ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ಕ್ರಿಯಾಪದದ ಹಿಂದೆ ಬರುವ ಈ ಪುಟ್ಟ ಪದಗಳಿಂದ ಅಂತ.

ಆದರೆ ಕನ್ನಡದವರಾದ ನಮಗೆ ಒಂದು ಅನುಕೂಲ ಇದೆ. ಅದನ್ನು ಯಾರೂ ನಮಗೆ ಹೇಳಿಕೊಡುವುದಿಲ್ಲ ಅನ್ನುವುದೇ ನನ್ನ ಬೇಸರ. 'ನೋಡು' ಅನ್ನುವುದಕ್ಕೆ ಒಂದು ಬಾಲ ಸೇರಿಸಿ 'ನೋಡಿಕೊ' ಅನ್ನಿ. ಅರ್ಥ ಪೂರಾ ಬದಲಾಯಿತು, ಅಲ್ವಾ? 'ಮಗುವನ್ನು ನೋಡು' ಬೇರೆ, 'ಮಗುವನ್ನು ನೋಡಿಕೊ' ಬೇರೆ. ಇಂಗ್ಲಿಷಿನ 'ಲುಕ್' ಮತ್ತು 'ಲುಕ್ ಆಫ್ಟರ್' ನಡುವೆ ಇರುವುದೂ ಇದೇ ವ್ಯತ್ಯಾಸ. 'ಬೈಕ್ ಕೈಕೊಟ್ಟಿತು' ಅಂದಾಗ ಬೈಕಿಗೆ ಕೈ ಎಲ್ಲಿದೆ ಅಂತ ನಾವು ಯಾರೂ ಕೇಳುವುದಿಲ್ಲ. ಹಾಗೆಯೇ 'ಗಿವ್ ಅಪ್' ಅಂದಾಗ ಇಂಗ್ಲಿಷಿನವರು ಮೇಲೆ ಏನು ಕೊಟ್ಟರು ಅಂತ ಕೇಳುವುದಿಲ್ಲ. ಎರಡು ಪದ ಸೇರಿ ಒಂದು ಹೊಸ ಪದ ಆಗಿದೆ, ಅಷ್ಟೇ.

ಫ್ರೇಸಲ್ ವರ್ಬ್ ಅಂದರೆ ಇದೇ. ಒಂದು ಸಾದಾ ಕ್ರಿಯಾಪದ, ಅದರ ಹಿಂದೆ ಅಪ್, ಆಫ್, ಔಟ್, ಆನ್, ಡೌನ್, ಓವರ್ ತರಹದ ಒಂದು ಪುಟ್ಟ ಪದ. ಈ ಪುಟ್ಟ ಪದಕ್ಕೆ ವ್ಯಾಕರಣದಲ್ಲಿ ಪಾರ್ಟಿಕಲ್ ಅನ್ನುತ್ತಾರೆ. ಇಲ್ಲಿ ನಾನು ಅದನ್ನು ಬಾಲ ಅಂತಲೇ ಕರೆಯುತ್ತೇನೆ.

ಏನೇನು ಬೇಕು

ಒಂದು ನೋಟ್‌ಬುಕ್, ದಿನಕ್ಕೆ 15 ನಿಮಿಷ, ಫೋನಿನಲ್ಲಿ ಒಂದು ಕಲಿಯುವವರ ನಿಘಂಟು. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರರದ್ದೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಅರ್ಥ ಕೊಡುವ ನಿಘಂಟು ಈ ಕೆಲಸಕ್ಕೆ ಸಾಲದು. ಬಾಲ ಎಲ್ಲಿ ಬರಬೇಕು ಅನ್ನುವುದನ್ನು ಅದು ಸಾಮಾನ್ಯವಾಗಿ ತೋರಿಸುವುದಿಲ್ಲ. 'ಗೆಟ್'ನ ಅಷ್ಟು ರೂಪ, 'ಟೇಕ್'ನ ಇಷ್ಟು ರೂಪ ಅಂತ ಉದ್ದುದ್ದ ಪಟ್ಟಿ ಇರುವ ಪಿಡಿಎಫ್ ಫೋನಿನಲ್ಲಿದ್ದರೆ ಸದ್ಯಕ್ಕೆ ಮುಚ್ಚಿಡಿ. ಒಂದೇ ಕ್ರಿಯಾಪದದ ಹತ್ತು ರೂಪಗಳನ್ನು ಒಟ್ಟಿಗೆ ಕಲಿತರೆ ಹತ್ತೂ ಕಲಸಿಹೋಗುತ್ತವೆ.

ಹಂತ 1: ಬೆಳಿಗ್ಗೆಯಿಂದ ರಾತ್ರಿವರೆಗೆ ನಿಮ್ಮ ದಿನವನ್ನೇ ಹಿಡಿಯಿರಿ

ಎಚ್ಚರವಾಗುವುದು 'ವೇಕ್ ಅಪ್'. ಹಾಸಿಗೆಯಿಂದ ಏಳುವುದು 'ಗೆಟ್ ಅಪ್'. ಎರಡೂ ಒಂದೇ ಅಂತ ತುಂಬ ಜನ ಅಂದುಕೊಂಡಿದ್ದಾರೆ. 'ಐ ವೋಕ್ ಅಪ್ ಅಟ್ ಫೈವ್, ಬಟ್ ಐ ಗಾಟ್ ಅಪ್ ಅಟ್ ಸಿಕ್ಸ್' ಅಂದರೆ ಐದಕ್ಕೇ ಎಚ್ಚರವಾಯಿತು, ಎದ್ದಿದ್ದು ಮಾತ್ರ ಆರಕ್ಕೆ.

ಒಲೆ ಮೇಲೆ ಹಾಲಿಟ್ಟು ಆಚೀಚೆ ನೋಡುವಷ್ಟರಲ್ಲಿ ಉಕ್ಕಿತು. 'ದ ಮಿಲ್ಕ್ ಬಾಯ್ಲ್ಡ್ ಓವರ್.' ಸಕ್ಕರೆ ಖಾಲಿ. 'ವಿ ಹ್ಯಾವ್ ರನ್ ಔಟ್ ಆಫ್ ಶುಗರ್.' ಒಲೆ ಆರಿಸು. 'ಟರ್ನ್ ಆಫ್ ದ ಸ್ಟೋವ್.' ತೊಳೆದ ಪಾತ್ರೆ ಎತ್ತಿಡು. 'ಪುಟ್ ಅವೇ ದ ಡಿಷಸ್.' ನೋಡಿ, 'ಎತ್ತಿಡು' ಅನ್ನುವುದರಲ್ಲಿಯೂ 'ಎತ್ತು' ಮತ್ತು 'ಇಡು' ಎರಡು ಸೇರಿಕೊಂಡಿವೆ.

ಈಗ ಬಟ್ಟೆ. ಇಲ್ಲಿ ಒಂದು ನಿಮಿಷ ನಿಲ್ಲಿ. 'ಶೂ ಹಾಕಿಕೊಳ್ಳುತ್ತಾ ಇದ್ದೇನೆ', 'ಶೂ ಹಾಕಿಕೊಂಡಿದ್ದೇನೆ', ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಸಾಕು. ಇಂಗ್ಲಿಷಿನಲ್ಲಿ ಎರಡು ಬೇಕು. ಹಾಕಿಕೊಳ್ಳುವ ಕೆಲಸ ನಡೆಯುತ್ತಿದ್ದರೆ 'ಐ ಆಮ್ ಪುಟಿಂಗ್ ಆನ್ ಮೈ ಶೂಸ್'. ಹಾಕಿಕೊಂಡು ಆಗಿದ್ದರೆ 'ಐ ಆಮ್ ವೇರಿಂಗ್ ಶೂಸ್'. ಬಾಗಿಲಲ್ಲಿ ಕೂತು ಲೇಸ್ ಕಟ್ಟುತ್ತಿರುವವರು 'ಐ ಆಮ್ ವೇರಿಂಗ್ ಮೈ ಶೂಸ್' ಅಂದರೆ, ಕೇಳುವವರಿಗೆ ಶೂ ಆಗಲೇ ಕಾಲಲ್ಲಿದೆ ಅಂತ ಅನಿಸುತ್ತದೆ. ತೆಗೆಯುವುದಕ್ಕೆ 'ಟೇಕ್ ಆಫ್'. ಅಂಗಡಿಯಲ್ಲಿ ಹಾಕಿ ನೋಡುವುದಕ್ಕೆ 'ಟ್ರೈ ಆನ್'. 'ಕ್ಯಾನ್ ಐ ಟ್ರೈ ದಿಸ್ ಆನ್?' ಅಂದರೆ 'ಇದನ್ನು ಹಾಕಿ ನೋಡಬಹುದಾ?'

ಬಸ್, ರೈಲು, ವಿಮಾನ, ಬೈಕು ಹತ್ತುವುದು 'ಗೆಟ್ ಆನ್', ಇಳಿಯುವುದು 'ಗೆಟ್ ಆಫ್'. ಕಾರು, ಆಟೋ ಆದರೆ 'ಗೆಟ್ ಇನ್', 'ಗೆಟ್ ಔಟ್ ಆಫ್'. ಒಳಗೆ ನಿಂತು ನಡೆದಾಡುವಷ್ಟು ಜಾಗ ಇರುವುದಕ್ಕೆ, ಇಲ್ಲವೇ ಮೇಲೆ ಕೂರುವುದಕ್ಕೆ 'ಆನ್', ಬಗ್ಗಿ ಒಳಗೆ ನುಗ್ಗಿ ಕೂರುವುದಕ್ಕೆ 'ಇನ್' ಅಂತ ನೆನಪಿಟ್ಟುಕೊಂಡರೆ ಸಾಕು. ಮಗನನ್ನು ಸ್ಕೂಲಿಗೆ ಬಿಡುವುದು 'ಡ್ರಾಪ್ ಆಫ್', ಸಂಜೆ ಕರೆತರುವುದು 'ಪಿಕ್ ಅಪ್'. ಫೋನಿನಲ್ಲಿ ಮಾತಾಡುವಾಗ ಲೈನ್ ಕಟ್ ಆಯಿತಾ? 'ವಿ ಗಾಟ್ ಕಟ್ ಆಫ್.' ನೀವೇ ಇಟ್ಟುಬಿಟ್ಟಿರಾ? 'ಐ ಹಂಗ್ ಅಪ್.' ಆಮೇಲೆ ಮಾಡುತ್ತೀರಾ? 'ಐ ವಿಲ್ ಕಾಲ್ ಯು ಬ್ಯಾಕ್.'

ನಾಳೆ ಬೆಳಿಗ್ಗೆ ಇಷ್ಟನ್ನೇ ಮಾಡಿ. ಕೈ ಏನು ಮಾಡುತ್ತಿದೆಯೋ ಅದನ್ನು ಬಾಯಲ್ಲಿ ಹೇಳಿ, ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದು.

ಹಂತ 2: ಬಾಲಕ್ಕೂ ಒಂದು ರುಚಿ ಇದೆ, ಅದನ್ನು ಗುರುತಿಸಿ

ಬಾಲಗಳು ಸುಮ್ನೆ ಅಂಟಿಕೊಂಡಿರುವುದಿಲ್ಲ. ಹೆಚ್ಚಿನವಕ್ಕೆ ಒಂದು ಸ್ವಭಾವ ಇದೆ.

'ಅಪ್' ಎಷ್ಟೋ ಕಡೆ ನಮ್ಮ 'ಬಿಡು' ಮಾಡುವ ಕೆಲಸವನ್ನೇ ಮಾಡುತ್ತದೆ. 'ಈಟ್' ಅಂದರೆ ತಿನ್ನು, 'ಈಟ್ ಅಪ್' ಅಂದರೆ ತಿಂದುಬಿಡು. 'ಡ್ರಿಂಕ್ ಅಪ್' ಕುಡಿದುಬಿಡು. 'ಫಿನಿಶ್ ಅಪ್' ಮುಗಿಸಿಬಿಡು. 'ಯೂಸ್ ಅಪ್' ಬಳಸಿ ಖಾಲಿ ಮಾಡಿಬಿಡು. ತಟ್ಟೆಯಲ್ಲಿ ಏನೂ ಉಳಿಯಬಾರದು ಅನ್ನುವ ಭಾವ 'ಬಿಡು'ವಿನಲ್ಲೂ ಇದೆ, 'ಅಪ್'ನಲ್ಲೂ ಇದೆ. ಈ ಒಂದು ಹೋಲಿಕೆ ತಲೆಯಲ್ಲಿ ಕೂತರೆ ಬಹಳಷ್ಟು ವಾಕ್ಯಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

'ಆಫ್' ಅಂದರೆ ಅಂಟಿದ್ದು ಬಿಟ್ಟುಕೊಳ್ಳುವುದು. ಶೂ ಕಾಲನ್ನು ಬಿಡುತ್ತದೆ, ವಿಮಾನ ನೆಲವನ್ನು ಬಿಡುತ್ತದೆ. ಎರಡಕ್ಕೂ 'ಟೇಕ್ ಆಫ್' ಬಂದದ್ದು ಹಾಗೆ. 'ಔಟ್' ಅಂದರೆ ಒಳಗಿದ್ದದ್ದು ಹೊರಗೆ ಬರುವುದು. 'ಫೈಂಡ್ ಔಟ್' ಪತ್ತೆ ಹಚ್ಚು, 'ಫಿಗರ್ ಔಟ್' ಯೋಚಿಸಿ ದಾರಿ ಕಂಡುಕೊ. 'ಆನ್' ಕೆಲವು ಕಡೆ ಮುಂದುವರಿಕೆ. 'ಗೋ ಆನ್', 'ಕ್ಯಾರಿ ಆನ್', ನಮ್ಮ 'ಮಾಡುತ್ತಾ ಹೋಗು' ಇದ್ದ ಹಾಗೆ. 'ಡೌನ್' ತಗ್ಗುವುದು, ನಿಲ್ಲುವುದು: 'ಸ್ಲೋ ಡೌನ್', 'ಕಾಮ್ ಡೌನ್', 'ಬ್ರೇಕ್ ಡೌನ್'.

ಎಚ್ಚರಿಕೆ: ಈ ರುಚಿ ನೋಡಿ ಊಹೆ ಮಾಡಿ, ಆದರೆ ಊಹೆಯನ್ನೇ ನಂಬಬೇಡಿ. 'ಟರ್ನ್ ಡೌನ್' ಅಂದರೆ ಟಿವಿಯ ಸೌಂಡ್ ಕಡಿಮೆ ಮಾಡುವುದೂ ಹೌದು, ಬಂದ ಕೆಲಸವನ್ನು ಬೇಡ ಅನ್ನುವುದೂ ಹೌದು. ನಿಘಂಟು ನೋಡದೆ ನೋಟ್‌ಬುಕ್ಕಿಗೆ ಬರೆಯಬೇಡಿ.

ಹಂತ 3: ವಸ್ತುವನ್ನು ಎಲ್ಲಿಡಬೇಕು

ಈ ಹಂತಕ್ಕೆ ಎರಡು ದಿನ ಜಾಸ್ತಿ ಕೊಡಿ. ಚೆನ್ನಾಗಿ ಇಂಗ್ಲಿಷ್ ಬಲ್ಲವರೂ ಎಡವುವುದು ಇಲ್ಲೇ.

'ಫ್ಯಾನ್ ಆರಿಸು' ಅನ್ನುವಾಗ ಫ್ಯಾನ್ ಅನ್ನುವುದು ಕರ್ಮ, ಅಂದರೆ ಕೆಲಸ ಯಾವುದರ ಮೇಲೆ ನಡೆಯುತ್ತದೋ ಅದು. ಅದನ್ನು ಎರಡು ಕಡೆ ಇಡಬಹುದು. 'ಟರ್ನ್ ಆಫ್ ದ ಫ್ಯಾನ್' ಸರಿ. 'ಟರ್ನ್ ದ ಫ್ಯಾನ್ ಆಫ್' ಕೂಡ ಸರಿ. ಆದರೆ ಫ್ಯಾನ್ ಬದಲಿಗೆ 'ಅದು' ಅಂತ ಹೇಳಬೇಕಾದಾಗ ಒಂದೇ ದಾರಿ: 'ಟರ್ನ್ ಇಟ್ ಆಫ್'. 'ಟರ್ನ್ ಆಫ್ ಇಟ್' ತಪ್ಪು. ಇಟ್, ಹಿಮ್, ಹರ್, ದೆಮ್, ಮಿ, ಅಸ್, ಯು ಇವು ಸರ್ವನಾಮಗಳು, ಹೆಸರಿನ ಬದಲಿಗೆ ಬರುವ ಪದಗಳು. ಇವು ಬಂದರೆ ಕ್ರಿಯಾಪದಕ್ಕೂ ಬಾಲಕ್ಕೂ ನಡುವೆಯೇ ಕೂರಬೇಕು. 'ಪಿಕ್ ಹಿಮ್ ಅಪ್', 'ಡ್ರಾಪ್ ಹರ್ ಆಫ್', 'ಕಾಲ್ ಮಿ ಬ್ಯಾಕ್'.

ಕರ್ಮ ಉದ್ದವಾಗಿದ್ದರೆ ಉಲ್ಟಾ. 'ಅವರು ಹೋದ ವಾರ ಗೊತ್ತು ಮಾಡಿದ್ದ ಮೀಟಿಂಗನ್ನು ಮುಂದಕ್ಕೆ ಹಾಕಿದರು' ಅನ್ನುವಂಥ ವಾಕ್ಯದಲ್ಲಿ 'ಪುಟ್' ಮತ್ತು 'ಆಫ್' ಅಕ್ಕಪಕ್ಕದಲ್ಲೇ ಇರಲಿ. ನಡುವೆ ಏಳೆಂಟು ಪದ ತುರುಕಿ ಕೊನೆಗೆ 'ಆಫ್' ಅಂದರೆ, ಕೇಳುವವರು ಅಷ್ಟು ಹೊತ್ತಿಗೆ 'ಪುಟ್' ಅಂದಿದ್ದನ್ನೇ ಮರೆತಿರುತ್ತಾರೆ.

ಇನ್ನು ಕೆಲವು ಬಿಡಿಸಲು ಬರುವುದೇ ಇಲ್ಲ. 'ಲುಕ್ ಆಫ್ಟರ್' ನೋಡಿಕೊ, 'ಲುಕ್ ಫಾರ್' ಹುಡುಕು, 'ಲುಕ್ ಇಂಟು' ವಿಚಾರಿಸಿ ನೋಡು. ಇಲ್ಲಿ ಸರ್ವನಾಮವೂ ಕೊನೆಯಲ್ಲೇ: 'ಲುಕ್ ಆಫ್ಟರ್ ಹರ್'. 'ಲುಕ್ ಹರ್ ಆಫ್ಟರ್' ಅಂತ ಇಂಗ್ಲಿಷಿನಲ್ಲಿ ಇಲ್ಲ. ಹಾಗೆಯೇ ಬಸ್ಸಿನ 'ಗೆಟ್ ಆನ್', 'ಗೆಟ್ ಆಫ್' ಕೂಡ.

ಯಾವುದು ಬಿಡಿಸುವ ಜಾತಿ, ಯಾವುದು ಅಲ್ಲ ಅಂತ ಗೊತ್ತಾಗುವುದು ಹೇಗೆ? ಇದಕ್ಕೇ ಕಲಿಯುವವರ ನಿಘಂಟು ಬೇಕು ಅಂದಿದ್ದು. ಅದರಲ್ಲಿ 'ಸಮ್‌ಥಿಂಗ್' ಅಥವಾ 'ಸಮ್‌ಬಡಿ' ಅನ್ನುವ ಪದ ಎಲ್ಲಿ ಕೂತಿದೆ ನೋಡಿ. 'ಪುಟ್ ಸಮ್‌ಥಿಂಗ್ ಆಫ್' ಅಂತ ನಡುವೆ ಇದ್ದರೆ ಬಿಡಿಸಬಹುದು. 'ಲುಕ್ ಆಫ್ಟರ್ ಸಮ್‌ಬಡಿ' ಅಂತ ಕೊನೆಯಲ್ಲಿದ್ದರೆ ಬಿಡಿಸುವಂತಿಲ್ಲ. ಏನೂ ಇಲ್ಲದಿದ್ದರೆ ಅದಕ್ಕೆ ಕರ್ಮವೇ ಬೇಕಿಲ್ಲ. 'ಮೈ ಬೈಕ್ ಬ್ರೋಕ್ ಡೌನ್' ಇದ್ದ ಹಾಗೆ.

ಮೂರು ಪದದವೂ ಇವೆ. 'ಪುಟ್ ಅಪ್ ವಿತ್' ತಾಳಿಕೊ, 'ರನ್ ಔಟ್ ಆಫ್' ಖಾಲಿಯಾಗು, 'ಕಮ್ ಅಪ್ ವಿತ್' ಹೊಸ ಉಪಾಯ ಹೊಳೆಸಿಕೊ, 'ಗೆಟ್ ಅಲಾಂಗ್ ವಿತ್' ಹೊಂದಿಕೊಂಡು ಹೋಗು. ಇಲ್ಲಿ ಕರ್ಮ ಕೊನೆಗೇ ಬರುತ್ತದೆ. ಆಫೀಸ್ ಮೇಲ್‌ಗಳಲ್ಲಿ ಹೆಚ್ಚು ತಪ್ಪುವುದು 'ಲುಕ್ ಫಾರ್ವರ್ಡ್ ಟು', ಅಂದರೆ ಎದುರು ನೋಡು. ಅದಾದ ಮೇಲೆ ಕ್ರಿಯೆ ಬಂದರೆ 'ಇಂಗ್' ಬೇಕೇ ಬೇಕು. 'ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು' ಸರಿ, 'ಟು ಮೀಟ್ ಯು' ತಪ್ಪು.

ಹಂತ 4: ಕಾಲ ಬದಲಾದರೆ ಬಾಲ ಬದಲಾಗದು

ಇದು ಸಣ್ಣ ವಿಷಯ. ಭೂತಕಾಲ ಮಾಡುವಾಗ ಕ್ರಿಯಾಪದ ಮಾತ್ರ ಬದಲಾಗುತ್ತದೆ. ಗಿವ್ ಅಪ್, ಗೇವ್ ಅಪ್. ಟೇಕ್ ಆಫ್, ಟುಕ್ ಆಫ್. ಪಿಕ್ ಅಪ್, ಪಿಕ್ಡ್ ಅಪ್. 'ಪಿಕಪ್ಡ್', 'ಲಾಗಿನ್ಡ್' ಅನ್ನುವುದನ್ನು ಬಿಟ್ಟುಬಿಡಿ, 'ಲಾಗ್ಡ್ ಇನ್' ಅನ್ನಿ.

ಬರೆಯುವಾಗ ಇನ್ನೊಂದು ಗಮನಿಸಿ. ನಾವು ಕನ್ನಡದಲ್ಲೇ ದಿನಾ ಬಳಸುವ ಪಿಕಪ್, ಚೆಕಪ್, ಬ್ಯಾಕಪ್, ಸಿಇಟಿ ಕಟಾಫ್, ಕ್ರಿಕೆಟ್ಟಿನ ರನೌಟ್ ಇವೆಲ್ಲ ಫ್ರೇಸಲ್ ವರ್ಬ್‌ನಿಂದ ಹುಟ್ಟಿದ ಹೆಸರುಗಳೇ. ಹೆಸರಾದಾಗ ಸಾಮಾನ್ಯವಾಗಿ ಕೂಡಿಸಿ ಅಥವಾ ನಡುವೆ ಗೆರೆ ಹಾಕಿ ಬರೆಯುತ್ತಾರೆ. ಕ್ರಿಯೆಯಾದಾಗ ಬಿಡಿಸಿ ಎರಡು ಪದ.

ಹಂತ 5: ಕಿವಿಗೆ ಅಭ್ಯಾಸ ಮಾಡಿಸಿ

ಓದುವಾಗ ಗೊತ್ತಾಗುತ್ತದೆ, ಕೇಳುವಾಗ ಗೊತ್ತಾಗುವುದಿಲ್ಲ ಅನ್ನುತ್ತೀರಲ್ಲ, ಅದಕ್ಕೆ ಕಾರಣ ಇದೆ. ಇಂಗ್ಲಿಷಿನವರು ಇವನ್ನು ಬಿಡಿಸಿ ಹೇಳುವುದಿಲ್ಲ. 'ಟರ್ನ್ ಇಟ್ ಆಫ್' ನಿಮ್ಮ ಕಿವಿಗೆ 'ಟರ್ನಿಟಾಫ್' ಅಂತ ಬೀಳುತ್ತದೆ. 'ಪಿಕ್ ಹಿಮ್ ಅಪ್' ಅನ್ನುವುದು 'ಪಿಕಿಮಪ್' ಆಗುತ್ತದೆ, ನಡುವಿನ 'ಹ' ಬಿದ್ದೇ ಹೋಗುತ್ತದೆ. ಊರು, ಅಲ್ಲಿ ಸೇರಿ ಊರಲ್ಲಿ ಆಗುವುದನ್ನು ಸಂಧಿಯಲ್ಲಿ ಓದಿದ ನಮಗೆ ಇದು ಹೊಸದೇನಲ್ಲ.

ಒತ್ತು ಎಲ್ಲಿ ಬೀಳುತ್ತದೆ ಅನ್ನುವುದನ್ನೂ ಕೇಳಿ. 'ಟರ್ನ್ ಇಟ್ ಆಫ್' ಅನ್ನುವಾಗ 'ಆಫ್' ಮೇಲೆ ಜೋರು. 'ಲುಕಿಂಗ್ ಫಾರ್ ಇಟ್' ಅನ್ನುವಾಗ 'ಲುಕ್' ಮೇಲೆ ಜೋರು, 'ಫಾರ್' ತೇಲಿಹೋಗುತ್ತದೆ. ನಿಘಂಟಿನ ಆ್ಯಪ್‌ನಲ್ಲಿ ಸ್ಪೀಕರ್ ಗುರುತು ಇದ್ದರೆ ಒತ್ತಿ, ಕೇಳಿ, ಅದೇ ಧಾಟಿಯಲ್ಲಿ ಹೇಳಿ.

ಹಂತ 6: ನಮ್ಮ ಇಂಗ್ಲಿಷ್, ಅವರ ಇಂಗ್ಲಿಷ್

ಭಾರತದಲ್ಲಿ ನಾವು ಬಳಸುವ ಕೆಲವು ರೂಪಗಳು ನಮ್ಮ ನಡುವೆ ಚೆನ್ನಾಗಿ ನಡೆಯುತ್ತವೆ. ಹೊರದೇಶದವರ ಜೊತೆ ಮಾತಾಡುವಾಗ ಮಾತ್ರ ಅರ್ಥ ಕೆಡುತ್ತದೆ. ಇಂಟರ್‌ವ್ಯೂಗೆ ಮೊದಲು ಇವನ್ನು ನೋಡಿಕೊಳ್ಳಿ.

'ಐ ಪಾಸ್ಡ್ ಔಟ್ ಇನ್ 2019' ಅಂದರೆ ನಮಗೆ ಡಿಗ್ರಿ ಮುಗಿಯಿತು ಅಂತ. ಅಮೆರಿಕದವರಿಗೆ, ಇಂಗ್ಲೆಂಡಿನ ಸಾಮಾನ್ಯ ಜನಕ್ಕೆ, ಮೂರ್ಛೆ ಬಿದ್ದೆ ಅಂತ ಕೇಳಿಸುತ್ತದೆ. 'ಐ ಗ್ರ್ಯಾಜುಯೇಟೆಡ್ ಇನ್ 2019' ಅನ್ನಿ.

ನಿಭಾಯಿಸು ಅನ್ನುವುದಕ್ಕೆ 'ಕೋಪ್ ಅಪ್ ವಿತ್' ಬೇಡ, 'ಕೋಪ್ ವಿತ್' ಸಾಕು. 'ಕೀಪ್ ಅಪ್ ವಿತ್', 'ಕ್ಯಾಚ್ ಅಪ್ ವಿತ್' ಇವೆಯಲ್ಲ, ಅವುಗಳ ಜೊತೆ ಸೇರಿ ಇದಕ್ಕೂ 'ಅಪ್' ಅಂಟಿಕೊಂಡಿರಬೇಕು. 'ರಿಟರ್ನ್ ಬ್ಯಾಕ್' ಬೇಡ, 'ರಿಟರ್ನ್' ಒಳಗೇ ವಾಪಸ್ ಅನ್ನುವ ಅರ್ಥ ಇದೆ. 'ಗೆಟ್ ಡೌನ್ ಅಟ್ ಮೆಜೆಸ್ಟಿಕ್' ಬೆಂಗಳೂರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಲಂಡನ್ ಬಸ್ಸಿನಲ್ಲಾದರೆ 'ಗೆಟ್ ಆಫ್' ಅನ್ನಿ. 'ವೇರ್ ಆರ್ ಯು ಪುಟ್ ಅಪ್?' ಬದಲಿಗೆ 'ವೇರ್ ಆರ್ ಯು ಸ್ಟೇಯಿಂಗ್?' ಮೇಲು.

'ಆಫ್ ದ ಲೈಟ್', 'ಆನ್ ದ ಫ್ಯಾನ್' ಅನ್ನುವುದು ಕನ್ನಡದ 'ಆಫ್ ಮಾಡು', 'ಆನ್ ಮಾಡು' ಇಂದ ಬಂದ ಅಭ್ಯಾಸ. ಕನ್ನಡದಲ್ಲಿ 'ಮಾಡು' ಇದೆ, ಇಂಗ್ಲಿಷಿಗೆ ಹೋಗುವಾಗ ಅದನ್ನು ಬಿಟ್ಟುಬಿಡುತ್ತೇವೆ. ಆ ಜಾಗದಲ್ಲಿ 'ಟರ್ನ್' ಅಥವಾ 'ಸ್ವಿಚ್' ಇಡಿ. ಲೈಟಿಗೆ 'ಪುಟ್ ಆಫ್' ಕೂಡ ಬೇಡ. 'ಪುಟ್ ಆಫ್' ಅಂದ ಕೂಡಲೇ ಅವರಿಗೆ ಹೊಳೆಯುವುದು ಮುಂದಕ್ಕೆ ಹಾಕುವುದು. ಬೆಂಕಿ ನಂದಿಸುವುದಕ್ಕೆ 'ಪುಟ್ ಔಟ್'.

ಹಂತ 7: ಎಲ್ಲಿ ಬಳಸಬೇಕು, ಎಲ್ಲಿ ಬೇಡ

1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್ ಆಯಿತು. ಕೋರ್ಟು, ಕಚೇರಿ, ಓದು ಬರಹಕ್ಕೆ ಫ್ರೆಂಚ್ ಮತ್ತು ಲ್ಯಾಟಿನ್ ಪದಗಳು ರಾಶಿಯಾಗಿ ಬಂದವು. ಜನರ ಮನೆಮಾತು ಮಾತ್ರ ಇಂಗ್ಲಿಷಾಗಿಯೇ ಉಳಿಯಿತು. ಅದಕ್ಕೇ ಇವತ್ತಿಗೂ ಒಂದೇ ಅರ್ಥಕ್ಕೆ ಎರಡು ಪದ ಸಿಗುತ್ತವೆ. 'ಪೋಸ್ಟ್‌ಪೋನ್' ಮತ್ತು 'ಪುಟ್ ಆಫ್', 'ಟಾಲರೇಟ್' ಮತ್ತು 'ಪುಟ್ ಅಪ್ ವಿತ್', 'ಇನ್‌ವೆಸ್ಟಿಗೇಟ್' ಮತ್ತು 'ಲುಕ್ ಇಂಟು'. 'ಸಹಿಸು' ಮತ್ತು 'ತಾಳಿಕೊ', 'ತ್ಯಜಿಸು' ಮತ್ತು 'ಬಿಟ್ಟುಬಿಡು' ನಮ್ಮಲ್ಲಿರುವ ಹಾಗೆ.

ಪಠ್ಯಪುಸ್ತಕದಿಂದ ಇಂಗ್ಲಿಷ್ ಕಲಿತ ನಾವು ಮೊದಲು ಕಲಿಯುವುದು ಆ ಭಾರದ ಪದಗಳನ್ನೇ. ಸ್ನೇಹಿತರ ಹತ್ತಿರ 'ಐ ಕೆನಾಟ್ ಟಾಲರೇಟ್ ದಿಸ್ ನಾಯ್ಸ್' ಅಂದರೆ ವ್ಯಾಕರಣ ತಪ್ಪಿಲ್ಲ, ಆದರೆ ಮಾತು ಬಿಗಿಯಾಗಿ ಕೇಳಿಸುತ್ತದೆ. ಮಾತಿನಲ್ಲಿ ಫ್ರೇಸಲ್ ವರ್ಬ್, ಅರ್ಜಿ ಮತ್ತು ಕಾನೂನು ಪತ್ರಗಳಲ್ಲಿ ಒಂಟಿ ಪದ ಅಂತ ಇಟ್ಟುಕೊಳ್ಳಿ. 'ಕ್ಯಾರಿ ಔಟ್', 'ಸೆಟ್ ಅಪ್' ತರಹದವು ಬರಹದಲ್ಲೂ ಧಾರಾಳವಾಗಿ ನಡೆಯುತ್ತವೆ. ಫಾರ್ಮ್ ತುಂಬುವುದಕ್ಕಂತೂ 'ಫಿಲ್ ಇನ್' ಅಥವಾ 'ಫಿಲ್ ಔಟ್' ಅನ್ನುವುದೇ ವಾಡಿಕೆ.

ಹಂತ 8: ನೋಟ್‌ಬುಕ್ ಹೀಗಿರಲಿ

ವಾರಕ್ಕೆ ಐದೇ ಐದು. ಒಂದೊಂದಕ್ಕೂ ಮೂರು ಸಾಲು. ಮೊದಲ ಸಾಲಿನಲ್ಲಿ ಫ್ರೇಸಲ್ ವರ್ಬ್ ಮತ್ತು ಕನ್ನಡ ಅರ್ಥ, ಒಂದೇ ಅರ್ಥ. ಎರಡನೆಯದರಲ್ಲಿ ನಿಮ್ಮ ಮನೆಯಲ್ಲಿ, ಕೆಲಸದಲ್ಲಿ ನಿಜವಾಗಿ ನಡೆದ ಒಂದು ವಾಕ್ಯ. ಮೂರನೆಯದರಲ್ಲಿ ಅದೇ ವಾಕ್ಯ, ಕರ್ಮ ಇದ್ದರೆ ಅದರ ಜಾಗದಲ್ಲಿ ಸರ್ವನಾಮ ಹಾಕಿ. ಉದಾಹರಣೆಗೆ:

ಪುಟ್ ಆಫ್: ಮುಂದಕ್ಕೆ ಹಾಕು.
ವಿ ಪುಟ್ ಆಫ್ ದ ಹೌಸ್‌ವಾರ್ಮಿಂಗ್ ಟಿಲ್ ಮೇ.
ವಿ ಪುಟ್ ಇಟ್ ಆಫ್ ಟಿಲ್ ಮೇ.

ಗೃಹಪ್ರವೇಶ ಮುಂದಕ್ಕೆ ಹೋದದ್ದು ನಿಮ್ಮ ಮನೆಯದ್ದೇ ಆಗಿದ್ದರೆ ಆ ಪದ ಮರೆಯುವುದು ಕಷ್ಟ. ಅದೇ ಪದದ ಎರಡನೆಯ ಅರ್ಥ ಸಿಕ್ಕಿದಾಗ ಹೊಸ ಪುಟದಲ್ಲಿ ಬರೆಯಿರಿ, ಹಳೆಯದರ ಪಕ್ಕದಲ್ಲಿ ತುರುಕಬೇಡಿ. ಭಾನುವಾರ ಕನ್ನಡ ಅರ್ಥವನ್ನು ಮಾತ್ರ ನೋಡಿ, ಇಂಗ್ಲಿಷ್ ವಾಕ್ಯ ಬಾಯಲ್ಲಿ ಹೇಳಿ. ಹೇಳಲು ಬಾರದಿದ್ದುದು ಮುಂದಿನ ವಾರದ ಐದರಲ್ಲಿ ಸೇರಲಿ.

ಈಗಲೇ ಒಂದು ಪರೀಕ್ಷೆ

ಕೆಳಗಿನ ಉತ್ತರ ಮುಚ್ಚಿಕೊಂಡು ಇವನ್ನು ಇಂಗ್ಲಿಷಿನಲ್ಲಿ ಹೇಳಿ ನೋಡಿ.

1. ನನ್ನ ಬೈಕ್ ದಾರಿಯಲ್ಲಿ ಕೈಕೊಟ್ಟಿತು.
2. ಅವಳನ್ನು ಸ್ಟೇಷನ್‌ನಿಂದ ಕರೆದುಕೊಂಡು ಬಾ.
3. ಅಜ್ಜಿಯನ್ನು ನನ್ನ ಅಕ್ಕ ನೋಡಿಕೊಳ್ಳುತ್ತಾಳೆ.
4. ಈ ಗಲಾಟೆ ತಾಳಿಕೊಳ್ಳಲು ಆಗುವುದಿಲ್ಲ.
5. ಹಾಲು ತಣ್ಣಗಾಗುತ್ತಿದೆ, ಅದನ್ನು ಕುಡಿದುಬಿಡು.

ಉತ್ತರ: ಒಂದನೆಯದು 'ಮೈ ಬೈಕ್ ಬ್ರೋಕ್ ಡೌನ್ ಆನ್ ದ ವೇ'. ಎರಡನೆಯದು 'ಪಿಕ್ ಹರ್ ಅಪ್ ಫ್ರಮ್ ದ ಸ್ಟೇಷನ್'. ಮೂರನೆಯದು 'ಮೈ ಸಿಸ್ಟರ್ ಲುಕ್ಸ್ ಆಫ್ಟರ್ ಮೈ ಗ್ರ್ಯಾಂಡ್‌ಮದರ್'. ನಾಲ್ಕನೆಯದು 'ಐ ಕಾಂಟ್ ಪುಟ್ ಅಪ್ ವಿತ್ ದಿಸ್ ನಾಯ್ಸ್'. ಐದನೆಯದು 'ದ ಮಿಲ್ಕ್ ಈಸ್ ಗೆಟಿಂಗ್ ಕೋಲ್ಡ್, ಡ್ರಿಂಕ್ ಇಟ್ ಅಪ್'. ಇಲ್ಲಿ 'ಡ್ರಿಂಕ್ ಅಪ್ ಇಟ್' ಅಂತ ಬಾಯಿಗೆ ಬಂದಿದ್ದರೆ ಹಂತ 3ನ್ನು ಇನ್ನೊಮ್ಮೆ ಓದಿ.